ವಂಕಿ ಹಾಕಿಸಿಕೊಳ್ಳುವ ಮುನ್ನ ಹೇಳಬೇಕಾದ ಮಾತು

ವಂಕಿ, ಅಂದರೆ ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿಯಂಥ ಸಾಧನ, ಹಾಕಿಸಿಕೊಳ್ಳಬೇಕು ಎಂದುಕೊಂಡ ಹೆಣ್ಣಿನ ಕಿವಿಗೆ ನಮ್ಮಲ್ಲಿ ಎರಡು ಥರದ ಮಾತು ಬೀಳುತ್ತದೆ. ಒಂದು ಊರಿನ ಮಾತು: ‘ಅದು ಮೇಲಕ್ಕೇರಿ ಎದೆಗೆ ಹೋಗ್ತದಂತೆ’, ‘ಮೈಯೆಲ್ಲ ಸೊರಗಿ ಹೋಗ್ತದಂತೆ’, ‘ಆಮೇಲೆ ಮಕ್ಕಳೇ ಆಗಲ್ವಂತೆ’. ಇನ್ನೊಂದು ಆಸ್ಪತ್ರೆಯ ಮಾತು: ‘ಏನೂ ಆಗಲ್ಲಮ್ಮ, ಎರಡು ನಿಮಿಷ, ಸುಮ್ನೆ ಮಲಗಿ’. ಮೊದಲನೆಯದು ಸುಳ್ಳು. ಎರಡನೆಯದು ಪೂರ್ತಿ ನಿಜವಲ್ಲ. ಕೆಡುಕು ಹೆಚ್ಚು ಮಾಡುವುದು ಈ ಎರಡನೆಯದೇ ಎಂದು ನನಗನ್ನಿಸುತ್ತದೆ. ಏಕೆಂದರೆ ‘ಏನೂ ಆಗಲ್ಲ’ ಎಂದು ನಂಬಿ ಮಲಗಿದವಳಿಗೆ ಕಿಬ್ಬೊಟ್ಟೆ ಹಿಂಡಿದ ಕ್ಷಣದಲ್ಲೇ, ಊರಿನವರು ಹೇಳಿದ್ದೆಲ್ಲ ನಿಜವಿರಬೇಕು ಅನ್ನಿಸಿಬಿಡುತ್ತದೆ. ಮುಂದಿನ ತಿಂಗಳು ಮುಟ್ಟು ಜಾಸ್ತಿ ಹೋದರಂತೂ ಅನುಮಾನವೇ ಉಳಿಯುವುದಿಲ್ಲ. ಆಕೆ ತೆಗೆಸಿಕೊಳ್ಳುತ್ತಾಳೆ, ಜೊತೆಗೆ ನಾಲ್ಕು ಮಂದಿಗೆ ಬೇಡವೆಂದೂ ಹೇಳುತ್ತಾಳೆ. ಆಕೆಯದು ತಪ್ಪೇ? ಏನೇನಾಗುತ್ತದೆ ಎಂದು ಯಾರೂ ಕೂರಿಸಿ ಹೇಳಿರಲಿಲ್ಲ, ಅಷ್ಟೆ.

ಹಾಗಾಗಿ ಏನೇನಾಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವ ಕಾಪರ್-ಟಿ 380ಎ ಅನ್ನು ಅಂಗೈ ಮೇಲಿಟ್ಟು ನೋಡಿದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಬಿಳಿ ಪ್ಲಾಸ್ಟಿಕ್ಕಿನ ಟಿ ಆಕಾರ. ಉದ್ದ 36 ಮಿಲಿಮೀಟರ್, ಅಗಲ 32. ನಿಂತ ಕಡ್ಡಿಗೆ ತೆಳುವಾದ ತಾಮ್ರದ ತಂತಿ ಸುತ್ತಿರುತ್ತದೆ, ಎರಡು ತೋಳುಗಳಿಗೂ ಒಂದೊಂದು ತಾಮ್ರದ ಪಟ್ಟಿ. ಹೊರಗೆ ಕಾಣುವ ತಾಮ್ರದ ವಿಸ್ತೀರ್ಣ 380 ಚದರ ಮಿಲಿಮೀಟರ್. ಹೆಸರಿನಲ್ಲಿರುವ ಸಂಖ್ಯೆ ಅದೇ. ಪ್ಲಾಸ್ಟಿಕ್ಕಿನಲ್ಲಿ ಬೇರಿಯಂ ಸಲ್ಫೇಟ್ ಬೆರೆಸಿರುವುದರಿಂದ ಎಕ್ಸ್-ರೇಯಲ್ಲಿ ಕಾಣುತ್ತದೆ. ಬುಡದಲ್ಲಿ ಮೀನಿನ ಗಾಳಕ್ಕೆ ಕಟ್ಟುವಂಥ ಸಣ್ಣ ಪ್ಲಾಸ್ಟಿಕ್ ದಾರದ ಎರಡು ಎಳೆ. ಇಷ್ಟೇ ವಸ್ತು, 10 ವರ್ಷ ಕೆಲಸ ಮಾಡುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲೇ ಇರುವ ಇನ್ನೊಂದು ಬಗೆಯಾದ ಕಾಪರ್ 375ರ ಅವಧಿ 5 ವರ್ಷ. ಅದರ ತೋಳುಗಳು ಬಾಗಿರುತ್ತವೆ. ಖಾಸಗಿ ಆಸ್ಪತ್ರೆಗಳಲ್ಲಿ ಸಿಗುವ ಹಾರ್ಮೋನ್ ವಂಕಿಯಲ್ಲಿ ತಾಮ್ರವಿಲ್ಲ. ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನನ್ನು ದಿನಕ್ಕಿಷ್ಟು ಎಂದು ಗರ್ಭಕೋಶದ ಒಳಗೇ ಬಿಡುತ್ತಿರುತ್ತದೆ. ಅದರ ಬೆಲೆ ಹೆಚ್ಚು.

ತಾಮ್ರ ಮಾಡುವ ಕೆಲಸವನ್ನು ಬಹಳ ಮಂದಿ ತಪ್ಪಾಗಿ ತಿಳಿದಿದ್ದಾರೆ. ಕಾಪರ್-ಟಿ ಪ್ರತಿ ತಿಂಗಳೂ ಗರ್ಭಪಾತ ಮಾಡುತ್ತದೆ ಎನ್ನುವವರಿದ್ದಾರೆ. ಹಾಗಲ್ಲ. ಅದರಿಂದ ಬಿಡುಗಡೆಯಾಗುವ ತಾಮ್ರದ ಅಯಾನುಗಳು ವೀರ್ಯಾಣುಗಳ ಶಕ್ತಿಯನ್ನು ಕುಂದಿಸುತ್ತವೆ, ಅವು ಅಂಡವನ್ನು ತಲುಪಿ ಕೂಡಿಕೊಳ್ಳಲು ಬಿಡುವುದಿಲ್ಲ. ಅಂದರೆ ಮುಖ್ಯವಾಗಿ ಗರ್ಭ ಕಟ್ಟುವ ಮೊದಲೇ ತಡೆ. ನೂರು ಹೆಂಗಸರು ಹಾಕಿಸಿಕೊಂಡರೆ ಮೊದಲ ವರ್ಷದಲ್ಲಿ ಗರ್ಭ ನಿಲ್ಲುವುದು ಒಬ್ಬರಿಗಿಂತ ಕಡಿಮೆ. ಹಾಕಿದ ಗಳಿಗೆಯಿಂದಲೇ ಕೆಲಸ ಶುರು. ಗುಳಿಗೆಯಂತೆ ದಿನಾ ನೆನಪಿಡಬೇಕಿಲ್ಲ. ಎದೆಹಾಲಿಗೂ ತೊಂದರೆಯಿಲ್ಲ. ಅಸುರಕ್ಷಿತ ಸಂಭೋಗವಾಗಿ 5 ದಿನದೊಳಗೆ ಹಾಕಿಸಿಕೊಂಡರೆ ತುರ್ತು ಗರ್ಭನಿರೋಧಕವಾಗಿಯೂ ಕೆಲಸಕ್ಕೆ ಬರುತ್ತದೆ, ಅದೂ ಗುಳಿಗೆಗಿಂತ ಚೆನ್ನಾಗಿ. ಆದರೆ ಲೈಂಗಿಕ ಸೋಂಕುಗಳಿಂದ ಇದು ಕಾಪಾಡುವುದಿಲ್ಲ. ಅದಕ್ಕೆ ಕಾಂಡೋಮೇ ಬೇಕು.

ಇಷ್ಟು ಒಳ್ಳೆಯ ವಿಧಾನ ನಮ್ಮಲ್ಲಿ ಏಕೆ ಬೇರೂರಲಿಲ್ಲ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಿವಾಹಿತ ಮಹಿಳೆಯರಲ್ಲಿ ವಂಕಿ ಬಳಸುವವರು ಶೇ 2ರ ಆಸುಪಾಸು. ಕರ್ನಾಟಕದಲ್ಲಿ ಶೇ 57ರಷ್ಟು ಹೆಂಗಸರದು ಮಕ್ಕಳಾಗದಂತೆ ಮಾಡುವ ಆಪರೇಷನ್. ಎರಡು ಹೆರಿಗೆ, ಆಮೇಲೆ ಆಪರೇಷನ್: ನಡುವೆ ಬೇರೆ ದಾರಿಯೇ ಇಲ್ಲವೇನೋ ಎಂಬಂತೆ ನಡೆದುಬಂದಿದೆ. ಸಂತಾನ ನಿಯಂತ್ರಣದ ವಿಚಾರದಲ್ಲಿ ಈ ನಾಡು ಹಿಂದುಳಿದದ್ದೇನಲ್ಲ. 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಜಗತ್ತಿನಲ್ಲಿ ಒಂದು ಸರ್ಕಾರವೇ ಮುಂದೆ ನಿಂತು ಹೀಗೆ ಮಾಡಿದ್ದು ಅದೇ ಮೊದಲು ಎನ್ನುತ್ತಾರೆ. ಪೆಟ್ಟು ಬಿದ್ದದ್ದು 1965ರ ನಂತರ. ಆ ವರ್ಷ ಲಿಪ್ಪೀಸ್ ಲೂಪ್ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಬಂತು. ಅಮೆರಿಕದ ವೈದ್ಯ ಜಾಕ್ ಲಿಪ್ಪೀಸ್ ರೂಪಿಸಿದ, ತಾಮ್ರವಿಲ್ಲದ ಬರೀ ಪ್ಲಾಸ್ಟಿಕ್ಕಿನ ಸುರುಳಿ ಅದು. ಶಿಬಿರ ಮಾಡಿ, ಗುರಿ ಕೊಟ್ಟು, ಲಕ್ಷಗಟ್ಟಲೆ ಹೆಂಗಸರಿಗೆ ಹಾಕಿದರು. ಹಾಕುವವರಿಗೆ ತರಬೇತಿ ಸಾಲದು, ಹಾಕಿದ ಮೇಲೆ ಕೇಳುವವರಿಲ್ಲ. ರಕ್ತಸ್ರಾವ ಎಂದು ಬಂದವರಿಗೆ ಸರಿಯಾದ ಉತ್ತರ ಸಿಗಲಿಲ್ಲ. ಒಂದೆರಡು ವರ್ಷದಲ್ಲೇ ಜನರ ನಂಬಿಕೆ ಕುಸಿಯಿತು. ಇಂದು ಅಜ್ಜಿಯಂದಿರು ಮೊಮ್ಮಗಳಿಗೆ ಹೇಳುವ ‘ಬೇಡ ಮಗ’ ಎಂಬ ಮಾತಿನ ಹಿಂದೆ ಆ ಕಾಲದ ನಿಜವಾದ ನೋವಿದೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. 380ಎ ನಮ್ಮ ಕಾರ್ಯಕ್ರಮಕ್ಕೆ ಬಂದಿದ್ದು 2002ರಲ್ಲಿ. ವಸ್ತು ಬದಲಾಯಿತು, ಆದರೆ ಹೇಳುವ ರೀತಿ ಎಲ್ಲ ಕಡೆ ಬದಲಾಗಲಿಲ್ಲ.

ಈಗ ಆಸ್ಪತ್ರೆಗೆ ಹೋಗೋಣ. ಮುಟ್ಟಿನ ದಿನಗಳಲ್ಲಿ ಅಥವಾ ಮುಟ್ಟಾದ 12 ದಿನದೊಳಗೆ ಹೋದರೆ ಗರ್ಭಿಣಿಯಲ್ಲ ಎಂಬುದು ಖಾತ್ರಿಯಿರುತ್ತದೆ, ಅದಕ್ಕೇ ಆ ದಿನಗಳಲ್ಲಿ ಬರಹೇಳುತ್ತಾರೆ. ಗರ್ಭವಿಲ್ಲವೆಂದು ಖಚಿತವಾದರೆ ಬೇರೆ ದಿನವೂ ಆಗುತ್ತದೆ. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗುವುದು ಬೇಡ. ಸ್ವಲ್ಪ ತಿಂದು ಹೋದರೆ ತಲೆಸುತ್ತು ಕಡಿಮೆ. ಮೊದಲು ಪ್ರಶ್ನೆಗಳಿರುತ್ತವೆ: ಕೊನೆಯ ಮುಟ್ಟು ಯಾವಾಗ, ಹೆರಿಗೆ ಎಷ್ಟು, ಸಿಸೇರಿಯನ್ ಆಗಿದೆಯೇ, ವಾಸನೆಯ ಬಿಳಿಸೆರಗು ಇದೆಯೇ, ನಡುನಡುವೆ ರಕ್ತ ಕಾಣಿಸುತ್ತದೆಯೇ. ಇವನ್ನು ನಾಚಿಕೆಯಿಂದ ಮುಚ್ಚಿಡಬಾರದು. ಸೋಂಕಿದ್ದರೆ ಮೊದಲು ಅದನ್ನು ವಾಸಿ ಮಾಡಬೇಕು. ಕಾರಣ ತಿಳಿಯದ ರಕ್ತಸ್ರಾವ, ಗರ್ಭಕಂಠದ ಕ್ಯಾನ್ಸರ್, ಗಡ್ಡೆಯಿಂದ ಆಕಾರ ಕೆಟ್ಟ ಗರ್ಭಕೋಶ ಇದ್ದವರಿಗೆ ಹಾಕುವುದಿಲ್ಲ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಇರುವವರಿಗೆ ತಾಮ್ರದ ವಂಕಿ ಆಗದು. ಮಕ್ಕಳಾಗದವರಿಗೆ ಹಾಕಲೇಬಾರದು ಎಂಬ ಮಾತು ಮಾತ್ರ ಹಳೆಯದು, ಅವರಿಗೂ ಹಾಕಬಹುದು. ಹಾಕುವಾಗ ನೋವು ಅವರಿಗೆ ತುಸು ಹೆಚ್ಚಿರಬಹುದು.

ಮೂತ್ರ ಮಾಡಿ ಬರಲು ಹೇಳುತ್ತಾರೆ. ಪರದೆ ಎಳೆದ ಟೇಬಲ್ ಮೇಲೆ ಮಂಡಿ ಮಡಚಿ, ಕಾಲಗಲಿಸಿ ಮಲಗಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ನೋವಿಗಿಂತ ದೊಡ್ಡದು ಈ ಸಂಕೋಚ. ‘ಸಿಸ್ಟರ್, ಪರದೆ ಪೂರ್ತಿ ಎಳೀರಿ, ಒಬ್ಬರು ನನ್ನ ಹತ್ರ ನಿಂತ್ಕೊಳ್ಳಿ’ ಎಂದು ಕೇಳಲು ಅಂಜಬೇಕಿಲ್ಲ. ಗಂಡಸು ಡಾಕ್ಟರಾಗಿದ್ದರೆ ಹೆಂಗಸೊಬ್ಬರು ಜೊತೆಗಿರಲೇಬೇಕು. ತರಬೇತಿ ಪಡೆದ ನರ್ಸ್‌ಗಳೂ ವಂಕಿ ಹಾಕುತ್ತಾರೆ. ಕೈ ಪಳಗಿದವರಾದರೆ ಡಾಕ್ಟರೇ ಆಗಬೇಕೆಂದಿಲ್ಲ.

ಮೊದಲು ಕೈಗವಸು ತೊಟ್ಟ ಬೆರಳಿನಿಂದ ಒಳಪರೀಕ್ಷೆ. ಇನ್ನೊಂದು ಕೈ ಕಿಬ್ಬೊಟ್ಟೆಯ ಮೇಲೆ. ಗರ್ಭಕೋಶ ಮುಂದಕ್ಕೆ ಬಾಗಿದೆಯೋ ಹಿಂದಕ್ಕೋ ಎಂದು ನೋಡುವುದಕ್ಕೆ ಇದು. ಅವಸರದಲ್ಲಿ ಈ ಹಂತ ಬಿಟ್ಟರೆ ಮುಂದೆ ಅಪಾಯ. ಆಮೇಲೆ ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಎಂಬ ಉಪಕರಣ ಒಳಗೆ ಬರುತ್ತದೆ: ತಣ್ಣಗೆ, ಒತ್ತಿದಂತೆ ಅನ್ನಿಸುತ್ತದೆ, ಸಾಮಾನ್ಯವಾಗಿ ನೋಯುವುದಿಲ್ಲ. ತೊಡೆ ಬಿಗಿ ಹಿಡಿದರೆ ಒತ್ತು ಹೆಚ್ಚುತ್ತದೆ. ಬಾಯಿಂದ ನಿಧಾನಕ್ಕೆ ಉಸಿರು ಬಿಟ್ಟರೆ ಸ್ನಾಯು ಸಡಿಲವಾಗುತ್ತದೆ. ಗರ್ಭಕಂಠವನ್ನು ಅಯೋಡಿನ್ ದ್ರಾವಣದಿಂದ ಒರೆಸುತ್ತಾರೆ, ಅದು ಬರೀ ತಂಪು.

ಮುಂದಿನ ಒಂದೆರಡು ನಿಮಿಷವೇ ನಿಜವಾಗಿ ಹೇಳಬೇಕಾದದ್ದು. ಗರ್ಭಕಂಠ ಅಲುಗದಿರಲೆಂದು ಟೆನಾಕ್ಯುಲಮ್ ಎಂಬ ಉದ್ದನೆಯ ಇಕ್ಕಳದಿಂದ ಹಿಡಿಯುತ್ತಾರೆ. ಆಗ ಒಳಗೆ ಚಿವುಟಿದಂತಾಗುತ್ತದೆ. ಕೆಲವರಿಗೆ ಗೊತ್ತೇ ಆಗುವುದಿಲ್ಲ, ಕೆಲವರು ಬೆಚ್ಚಿಬೀಳುತ್ತಾರೆ. ಬೆನ್ನಲ್ಲೇ ಸೌಂಡ್ ಎಂಬ ತೆಳುವಾದ ಅಳತೆಕಡ್ಡಿ ಗರ್ಭಕೋಶದ ತುದಿ ಮುಟ್ಟುತ್ತದೆ. ಸಾಮಾನ್ಯವಾಗಿ 6ರಿಂದ 9 ಸೆಂಟಿಮೀಟರ್ ಆಳ. ತುದಿ ಮುಟ್ಟಿದಾಗ ಮುಟ್ಟಿನ ಮೊದಲ ದಿನದ ಹೊಟ್ಟೆನೋವು ಒಮ್ಮೆಲೇ ಒತ್ತಿ ಬಂದಂತೆ ಕಿಬ್ಬೊಟ್ಟೆ ಹಿಂಡುತ್ತದೆ, ಸೊಂಟಕ್ಕೂ ಇಳಿಯಬಹುದು. ಕೆಲವೇ ಸೆಕೆಂಡು. ಕಡ್ಡಿ ಹೊರಬಂದರೆ ತಗ್ಗುತ್ತದೆ.

ಇಲ್ಲಿ ಒಂದು ನಿಮಿಷ ಬಿಡುವು. ಈ ಬಿಡುವಿನಲ್ಲೇ ವಂಕಿಯ ಪೊಟ್ಟಣ ತಯಾರಾಗುವುದು. ಒಳ್ಳೆಯ ಕೈಯವರು ಅದರ ಪಾರದರ್ಶಕ ಹಾಳೆಯ ಹೊರಗಿನಿಂದಲೇ ಬೆರಳಲ್ಲಿ ಒತ್ತಿ, ಟಿಯ ತೋಳುಗಳನ್ನು ಮಡಚಿ ಕೊಳವೆಗೆ ಸೇರಿಸುತ್ತಾರೆ. ಒಳಗಿನ ವಸ್ತುವನ್ನು ಯಾರ ಕೈಯೂ ಮುಟ್ಟುವುದಿಲ್ಲ. ಮಡಚಿ 5 ನಿಮಿಷಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ತೋಳುಗಳು ಮತ್ತೆ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು, ಅದಕ್ಕೇ ಅಳತೆ ಮುಗಿದ ಮೇಲೆಯೇ ಈ ಕೆಲಸ. ಪೊಟ್ಟಣದ ಮೇಲಿನ ಅವಧಿ ಮೀರಿಲ್ಲದಿದ್ದರೆ, ತಾಮ್ರ ತುಸು ಕಪ್ಪಿಟ್ಟಿದ್ದರೂ ಗಾಬರಿ ಬೇಡ. ಗಾಳಿಗೆ ತಾಮ್ರದ ಬಣ್ಣ ಮಾಸುವುದು ಸಹಜ. ಕೊಳವೆಯ ಮೇಲಿನ ನೀಲಿ ಬಿಲ್ಲೆಯನ್ನು ಅಳೆದ ಆಳಕ್ಕೆ ಸರಿಯಾಗಿ ಸರಿಸುತ್ತಾರೆ. ಆಮೇಲೆ ಕೊಳವೆಯನ್ನು ಮೆಲ್ಲಗೆ ಒಳಕ್ಕೆ ತಂದು, ನಡುವಿನ ಕಡ್ಡಿಯನ್ನು ಅಲುಗಿಸದೆ ಹಿಡಿದು, ಕೊಳವೆಯನ್ನಷ್ಟೇ ಹಿಂದಕ್ಕೆ ಎಳೆಯುತ್ತಾರೆ. ವಂಕಿಯನ್ನು ನೂಕುವುದಿಲ್ಲ, ಕೊಳವೆ ಸರಿದಾಗ ಅದೇ ತೋಳು ಬಿಚ್ಚಿಕೊಳ್ಳುತ್ತದೆ. ಆಗ ಎರಡನೇ ಸಲ ಹಿಂಡು ಬರುತ್ತದೆ, ಮೊದಲಿಗಿಂತ ಜೋರಾಗಿಯೇ ಇರಬಹುದು. ದಾರವನ್ನು 3 ಸೆಂಟಿಮೀಟರ್‌ನಷ್ಟು ಬಿಟ್ಟು ಕತ್ತರಿಸಿದರೆ ಮುಗಿಯಿತು. ಒಳಪರೀಕ್ಷೆಯಿಂದ ಇಲ್ಲಿಯವರೆಗೆ ಐದರಿಂದ ಹತ್ತು ನಿಮಿಷ.

ನೋವು ಎಷ್ಟು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಹೆತ್ತವರಿಗೆ ಸಾಮಾನ್ಯವಾಗಿ ಕಡಿಮೆ. ಮುಟ್ಟಿನ ನೋವು ಮೊದಲಿಂದ ಜೋರಿರುವವರಿಗೆ, ಹೆದರಿ ಬಿಗಿಯಾದವರಿಗೆ ಹೆಚ್ಚು. ಹಾಕುವವರು ಅಂದಾಜು ಮಾಡುವ ನೋವಿಗಿಂತ ಹಾಕಿಸಿಕೊಳ್ಳುವವರು ಅನುಭವಿಸುವ ನೋವು ಹೆಚ್ಚು ಎಂಬುದನ್ನು ಅಧ್ಯಯನಗಳೂ ಕಂಡುಕೊಂಡಿವೆ. ಮೊದಲೇ ನುಂಗುವ ಐಬುಪ್ರೊಫೆನ್ ಹಾಕುವ ಗಳಿಗೆಯ ನೋವನ್ನು ಅಷ್ಟಾಗಿ ಇಳಿಸುವುದಿಲ್ಲ, ಆಮೇಲಿನ ಹೊಟ್ಟೆಹಿಂಡಿಗೆ ಮಾತ್ರ ಉಪಯೋಗ. ಗರ್ಭಕಂಠಕ್ಕೆ ಕೊಡುವ ಲಿಡೊಕೇನ್ ಮರಗಟ್ಟುವ ಮದ್ದು ಕೆಲಸ ಮಾಡಬಹುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಇದನ್ನು ಹೇಳಿದೆ. ಹಾಕುವ ಮೊದಲೇ ನೋವಿನ ಬಗ್ಗೆ ಪ್ರತಿಯೊಬ್ಬರೊಂದಿಗೂ ಮಾತಾಡಿ ಎಂದೂ ಸೂಚಿಸಿದೆ. ನಮ್ಮಲ್ಲಿ ಎಲ್ಲ ಕಡೆ ಈ ಮದ್ದು ಕೊಡುವುದಿಲ್ಲ. ಆದರೆ ಕೇಳಬಹುದು, ಕೇಳಬೇಕು. ‘ಮೇಡಂ, ಒಂದು ನಿಮಿಷ ನಿಲ್ಲಿಸಿ’ ಎಂದರೆ ಅವರು ನಿಲ್ಲಿಸಬೇಕು. ‘ಹೆರಿಗೆ ನೋವನ್ನೇ ತಡೆದಿದ್ದೀಯ, ಇದೇನು ಮಹಾ’ ಎಂಬ ಮಾತನ್ನು ಆ ಟೇಬಲ್ಲಿನ ಪಕ್ಕ ಯಾರೂ ಆಡಬಾರದು. ಹೆಂಗಸು ನೋವು ತಿನ್ನಲೆಂದೇ ಹುಟ್ಟಿದವಳೆಂಬ ಭಾವನೆ ಆ ಮಾತಿನಲ್ಲಿದೆ. ಅದನ್ನು ಕೇಳಿಸಿಕೊಂಡವಳು ಆಮೇಲೆ ನಿಜವಾದ ತೊಂದರೆಯಾದಾಗಲೂ ಬಾಯಿ ಬಿಡುವುದಿಲ್ಲ.

ಎದ್ದ ಕೂಡಲೇ ಹೊರಡಬಾರದು. ಗರ್ಭಕಂಠಕ್ಕೆ ಏನಾದರೂ ತಾಗಿದಾಗ ಕೆಲವರಿಗೆ ನರಗಳ ಪ್ರತಿಕ್ರಿಯೆಯಿಂದ ನಾಡಿ ನಿಧಾನವಾಗಿ, ಬೆವರಿ, ಕಣ್ಣು ಕತ್ತಲೆ ಬರುತ್ತದೆ. ಕಾಲು ಸ್ವಲ್ಪ ಎತ್ತರಕ್ಕಿಟ್ಟು ಮಲಗಿದರೆ ಹತ್ತು ಹದಿನೈದು ನಿಮಿಷದಲ್ಲಿ ಸರಿಹೋಗುತ್ತದೆ. ಮನೆಗೆ ಹೋಗುವಾಗ ಜೊತೆಗೊಬ್ಬರಿದ್ದರೆ ಒಳ್ಳೆಯದು, ಪ್ಯಾಡ್ ಇಟ್ಟುಕೊಂಡಿರಬೇಕು. ಒಂದೆರಡು ದಿನ ಹೊಟ್ಟೆ ಹಿಂಡು, ಕಲೆ ಕಲೆಯಾಗಿ ರಕ್ತ. ಬಿಸಿನೀರಿನ ಶಾಖ, ಡಾಕ್ಟರು ಬರೆದ ನೋವಿನ ಮಾತ್ರೆ ಸಾಕು. ಮರುದಿನ ಗದ್ದೆ ಕೆಲಸ, ಬಸ್ ಪ್ರಯಾಣ, ಕೊಡ ಹೊರುವುದು ಯಾವುದಕ್ಕೂ ಅಡ್ಡಿಯಿಲ್ಲ. ಭಾರ ಎತ್ತಿದರೆ ಜಾರುತ್ತದೆ ಎಂಬುದು ಸುಳ್ಳು. ಒಂದೆರಡು ದಿನ ಸಂಭೋಗ ಬೇಡ. ಮುಟ್ಟಿನ ಕಪ್ ಬಳಸುವವರು ಅದನ್ನು ತೆಗೆಯುವಾಗ ಗಾಳಿಯ ಹಿಡಿತ ಬಿಡಿಸಿಯೇ ತೆಗೆಯಬೇಕು, ಇಲ್ಲವಾದರೆ ದಾರದ ಜೊತೆ ವಂಕಿಯೂ ಬರಬಹುದು.

ನಿಜವಾದ ಪರೀಕ್ಷೆ ಮುಂದಿನ ಮೂರರಿಂದ ಆರು ತಿಂಗಳು. ತಾಮ್ರದ ವಂಕಿಯಿಂದ ಮುಟ್ಟು ಜಾಸ್ತಿ ಹೋಗುತ್ತದೆ, ಒಂದೆರಡು ದಿನ ಹೆಚ್ಚು ಇರುತ್ತದೆ, ನೋವೂ ಹೆಚ್ಚಬಹುದು. ಬಹಳ ಮಂದಿಗೆ ಕ್ರಮೇಣ ತಗ್ಗುತ್ತದೆ. ಆದರೆ ಇದನ್ನು ‘ಎಲ್ಲರಿಗೂ ಆಗುವುದೇ’ ಎಂದು ತೇಲಿಸಿಬಿಡುವಂತಿಲ್ಲ. ಮೇಲೆ ಹೇಳಿದ 2019-21ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಮೊದಲೇ ರಕ್ತ ಕಡಿಮೆಯಿರುವವಳಿಗೆ ತಿಂಗಳು ತಿಂಗಳೂ ಹೆಚ್ಚು ಹೋದರೆ ‘ಮೈ ಸೊರಗ್ತದಂತೆ’ ಎಂದ ನೆರೆಮನೆಯವಳ ಮಾತು ನಿಜವೇ ಆಗುತ್ತದೆ. ಹಿಮೋಗ್ಲೋಬಿನ್ ನೋಡಿಸಿ, ಕಬ್ಬಿಣಾಂಶದ ಮಾತ್ರೆ ಕೊಟ್ಟು, ಬೇಕಾದರೆ ರಕ್ತಸ್ರಾವ ತಗ್ಗಿಸುವ ಔಷಧ ಕೊಡಬೇಕು. ಅಷ್ಟಕ್ಕೂ ತಡೆಯದಿದ್ದರೆ ತೆಗೆಯಬೇಕು. ಹಾರ್ಮೋನ್ ವಂಕಿಯ ದಾರಿ ಇದಕ್ಕೆ ಉಲ್ಟಾ: ಮೊದಲ ಕೆಲವು ತಿಂಗಳು ಹೇಳದೆ ಕೇಳದೆ ಕಲೆ, ಆಮೇಲೆ ಮುಟ್ಟು ಕಡಿಮೆ, ಕೆಲವರಿಗೆ ನಿಂತೇ ಹೋಗುತ್ತದೆ. ಕೆಟ್ಟ ರಕ್ತ ಒಳಗೇ ಉಳಿಯಿತು ಎಂದು ಹೆದರುವವರಿದ್ದಾರೆ. ಒಳಪದರ ತೆಳುವಾಗಿಯೇ ಇರುವುದರಿಂದ ಹೊರಹೋಗಲು ಏನೂ ಇರುವುದಿಲ್ಲ, ಅಷ್ಟೆ. ಅತಿಯಾದ ರಕ್ತಸ್ರಾವಕ್ಕೆ ಇದನ್ನೇ ಚಿಕಿತ್ಸೆಯಾಗಿಯೂ ಹಾಕುತ್ತಾರೆ.

ಮೊದಲ ಮುಟ್ಟಿನ ನಂತರ, ಹೆಚ್ಚೆಂದರೆ ಆರು ವಾರದೊಳಗೆ ಒಮ್ಮೆ ತೋರಿಸಿಕೊಂಡು ಬರಬೇಕು. ವಂಕಿ ತಾನಾಗಿ ಜಾರಿ ಬೀಳುವುದುಂಟು. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಮುಟ್ಟಿನ ಸಮಯದಲ್ಲಿ. ಬೇಕೆನಿಸಿದರೆ ಕೈ ತೊಳೆದುಕೊಂಡು ಬೆರಳಿನಿಂದ ದಾರ ಮುಟ್ಟಿ ನೋಡಬಹುದು, ಎಳೆಯಬಾರದು. ದಾರ ಸಿಗದಿದ್ದರೆ ಅದು ಬಿದ್ದಿರಬಹುದು, ದಾರ ಮೇಲಕ್ಕೆ ಸುತ್ತಿಕೊಂಡಿರಬಹುದು, ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ಗರ್ಭಕೋಶದ ಗೋಡೆ ತೂತಾಗಿ ವಂಕಿ ಹೊಟ್ಟೆಯೊಳಕ್ಕೆ ಹೋಗುವ ಅಪಾಯ ಇಲ್ಲವೇ ಇಲ್ಲ ಎನ್ನಲಾಗದು. ಸಾವಿರಕ್ಕೆ ಒಂದೆರಡು ಮಂದಿಗೆ ಹಾಗಾಗುತ್ತದೆ; ಹಾಲೂಡಿಸುವ ತಾಯಂದಿರಿಗೆ ಸ್ವಲ್ಪ ಹೆಚ್ಚು. ಎದೆಗಂತೂ ಹೋಗಲಾರದು. ಗಂಡನಿಗೆ ದಾರ ಚುಚ್ಚಿದಂತಾದರೆ ಅದನ್ನು ಇನ್ನಷ್ಟು ಕತ್ತರಿಸಬಹುದು, ಅದಕ್ಕಾಗಿ ವಂಕಿಯನ್ನೇ ತೆಗೆಸಬೇಕಿಲ್ಲ.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು ಬೇರೆ. ಜ್ವರ, ಚಳಿ, ಕಿಬ್ಬೊಟ್ಟೆಯಲ್ಲಿ ಬಿಡದ ನೋವು, ದುರ್ವಾಸನೆಯ ಸ್ರಾವ, ಮುಟ್ಟು ತಪ್ಪುವುದು, ಗರ್ಭಕಂಠದ ಬಾಯಿಯ ಬಳಿ ಗಟ್ಟಿ ಪ್ಲಾಸ್ಟಿಕ್ ಕೈಗೆ ಸಿಗುವುದು. ಸೋಂಕಿನ ಅಪಾಯ ಹೆಚ್ಚಿರುವುದು ಹಾಕಿದ ಮೊದಲ ಮೂರು ವಾರದಲ್ಲಿ. ವಂಕಿ ಇದ್ದೂ ಗರ್ಭ ನಿಂತರೆ ಅದು ಗರ್ಭನಾಳದಲ್ಲಿ ನಿಂತಿರುವ ಸಂಭವ ಹೆಚ್ಚು. ಹಾಗಾಗಿ ಮುಟ್ಟು ತಪ್ಪಿ ಹೊಟ್ಟೆ ಒಂದು ಕಡೆ ನೋಯುತ್ತಿದ್ದರೆ ಬೆಳಗಾಗಲಿ ಎಂದು ಕೂರಬಾರದು.

ಹೆರಿಗೆಯಾದ ಕೂಡಲೇ ಹಾಕುವ ವಂಕಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮಾಸು ಬಿದ್ದ 10 ನಿಮಿಷದೊಳಗೆ, ಸಿಸೇರಿಯನ್ ಮಾಡುವಾಗಲೇ, ಇಲ್ಲವೇ 48 ಗಂಟೆಯೊಳಗೆ ಹಾಕಬಹುದು. ಆ ಅವಧಿ ಮೀರಿದರೆ ಆರು ವಾರ ಕಾಯುತ್ತಾರೆ. ಬಾಣಂತನಕ್ಕೆ ತವರಿಗೆ ಹೋದ ಮೇಲೆ ಆಸ್ಪತ್ರೆಗೆ ಬರಲಾಗದವರಿಗೆ ಇದು ಅನುಕೂಲ. ಗರ್ಭಕಂಠ ತೆರೆದೇ ಇರುವುದರಿಂದ ನೋವು ಕಡಿಮೆ. ಆದರೆ ಜಾರಿ ಬೀಳುವ ಸಂಭವ ಹೆಚ್ಚು. ಇದಕ್ಕೆ ಒಪ್ಪಿಗೆ ಕೇಳಬೇಕಾದ್ದು ಗರ್ಭಿಣಿಯಾಗಿದ್ದಾಗ, ತಪಾಸಣೆಗೆ ಬಂದ ದಿನ, ತಾಯಿ ಕಾರ್ಡ್ ಕೈಯಲ್ಲಿ ಹಿಡಿದು ನೆಮ್ಮದಿಯಾಗಿ ಕೂತಾಗ. ನಮ್ಮ ಸರ್ಕಾರದ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ನೋವು ತಿನ್ನುತ್ತಿರುವವಳ ಹತ್ತಿರ ಕಾಗದ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ. ಅತ್ತೆಯನ್ನೋ ಗಂಡನನ್ನೋ ಕೇಳಿ ಹಾಕುವುದಂತೂ ಅಲ್ಲವೇ ಅಲ್ಲ. ತನ್ನೊಳಗೆ ವಂಕಿ ಇದೆ ಎಂದೇ ತಿಳಿಯದ ಹೆಂಗಸು ಮುಂದೆ ಮಕ್ಕಳಾಗಲಿಲ್ಲವೆಂದು ಕೊರಗುತ್ತಾ ದೇವಸ್ಥಾನ, ಆಸ್ಪತ್ರೆ ಸುತ್ತುವ ಸ್ಥಿತಿ ಬರುವುದಕ್ಕಿಂತ ದೊಡ್ಡ ಅನ್ಯಾಯ ಈ ವಿಷಯದಲ್ಲಿ ಇಲ್ಲ.

ತೆಗೆಸುವುದು ಹಾಕಿಸುವುದಕ್ಕಿಂತ ಸುಲಭ. ಸ್ಪೆಕ್ಯುಲಮ್ ಇಟ್ಟು, ದಾರವನ್ನು ಇಕ್ಕಳದಲ್ಲಿ ಹಿಡಿದು ನಿಧಾನಕ್ಕೆ ಎಳೆದರೆ ತೋಳುಗಳು ಮೇಲಕ್ಕೆ ಮಡಚಿಕೊಂಡು ವಂಕಿ ಹೊರಬರುತ್ತದೆ. ಒಂದು ಸಣ್ಣ ಹಿಂಡು, ಕೆಲವು ಸೆಕೆಂಡು. ಮಗು ಬೇಕೆಂದು ತೆಗೆಸಿದವರು ಆ ತಿಂಗಳೇ ಪ್ರಯತ್ನಿಸಬಹುದು. ಮಗು ಬೇಡದೆ ತೆಗೆಸುವವರು ಹಿಂದಿನ ಒಂದು ವಾರ ಜೋಪಾನವಾಗಿರಬೇಕು, ವೀರ್ಯಾಣು ಒಳಗೆ ಕೆಲವು ದಿನ ಬದುಕಿರುತ್ತದೆ. ಅವಧಿ ಮುಗಿದು ತೆಗೆಸಿದರೆ ಅದೇ ದಿನ ಹೊಸದನ್ನು ಹಾಕಿಸಿಕೊಳ್ಳಬಹುದು. ಅವಧಿಗೆ ಮೊದಲೇ ಬೇಡವೆನಿಸಿದರೂ ತೆಗೆಸಿಕೊಳ್ಳಬಹುದು, ಕಾರಣ ಒಪ್ಪಿಸಬೇಕಾಗಿಲ್ಲ. ‘ಇನ್ನೂ ಆರು ತಿಂಗಳು ನೋಡು’ ಎಂದು ಸಲಹೆ ಕೊಡಬಹುದು, ತೆಗೆಯುವುದಿಲ್ಲ ಎನ್ನುವಂತಿಲ್ಲ.

ವಂಕಿ ಹಾಕಿಸಿಕೊಂಡು ಹೊರಡುವಾಗ ಒಂದು ಕಾರ್ಡ್ ಕೇಳಿ ಪಡೆಯಿರಿ: ಯಾವ ವಂಕಿ, ಹಾಕಿದ ದಿನ, ತೆಗೆಸಬೇಕಾದ ದಿನ. ಹತ್ತು ವರ್ಷದಲ್ಲಿ ಊರು, ಮನೆ, ಆಸ್ಪತ್ರೆ ಎಲ್ಲ ಬದಲಾಗಿರುತ್ತದೆ. ಹಾಕಿದವರ ದಾಖಲೆ ಸಿಗುತ್ತದೆಂಬ ಭರವಸೆಯಿಲ್ಲ. ಮುಟ್ಟು ನಿಂತ ಮೇಲೂ ಒಳಗೇ ಮರೆತು ಉಳಿದ ವಂಕಿ ಸೋಂಕಿಗೆ ದಾರಿಯಾಗಬಹುದು. ಮುಟ್ಟು ಪೂರ್ತಿ ನಿಂತು ಒಂದು ವರ್ಷ ಕಳೆದರೆ ಅದರ ಕೆಲಸ ಮುಗಿಯಿತು, ತೆಗೆಸಿಬಿಡಬೇಕು. ಹಿಂದೆ ಯಾವಾಗಲೋ ಹಾಕಿಸಿಕೊಂಡು ತೆಗೆಸಿದ ನೆನಪಿಲ್ಲದ ಅಮ್ಮ, ಅತ್ತೆ, ಚಿಕ್ಕಮ್ಮ ನಿಮ್ಮ ಮನೆಯಲ್ಲಿದ್ದರೆ ಈ ವಾರವೇ ಒಮ್ಮೆ ಕೇಳಿ ನೋಡಿ. ಒಂದು ಸ್ಕ್ಯಾನ್ ಸಾಕು.